ಓದಲಿಕ್ಕೆ ಯಾವ ಊರು? ಸಂಜೆ ಐದರ ಮೇಲೆ ಹೋಗಿ ನೋಡಿ

(ಗುರುತು ಸಿಗದಂತೆ ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಕಾಪು ಕಡೆಯ ಹುಡುಗಿ, ವಯಸ್ಸು 21. ಬಿಎಸ್ಸಿ ಮುಗಿದಿದೆ, ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಬೇಕು. ಕೊಣಾಜೆ (ಮಂಗಳೂರು ವಿಶ್ವವಿದ್ಯಾಲಯ), ಮೈಸೂರು, ಧಾರವಾಡ ಮೂರೂ ಕಡೆ ಸೀಟು ಸಿಗುವಷ್ಟು ಅಂಕ ಇದೆ. ಉಡುಪಿಯ ನಮ್ಮ ಆಪ್ತಸಲಹಾ ಕೇಂದ್ರಕ್ಕೆ ಅಪ್ಪನ ಜೊತೆ ಬಂದಿದ್ದಳು. ಕೂತ ಕೂಡಲೇ ಅಪ್ಪ ಕೇಳಿದರು: "ಕೊಣಾಜೆ ಇರುವಾಗ ಘಟ್ಟ ಹತ್ತುವುದು ಎಂತಕ್ಕೆ ಹೇಳಿ? ಮನೆಯಿಂದಲೇ ಹೋಗಿ ಬರಬಹುದಲ್ಲ?" ಮಗಳು ಮಾತಾಡಲಿಲ್ಲ. ಮೊಬೈಲಿನಲ್ಲಿ ಕುಕ್ಕರಹಳ್ಳಿ ಕೆರೆಯ ಫೋಟೊ ತೆಗೆದು ಮೇಜಿನ ಮೇಲಿಟ್ಟಳು.

ಅಪ್ಪ ದೂರವನ್ನಷ್ಟೇ ನೋಡುತ್ತಿದ್ದರು, ಮಗಳು ಚಿತ್ರವನ್ನಷ್ಟೇ. ಓದುವ ಊರು ಒಗ್ಗುತ್ತದೋ ಇಲ್ಲವೋ ಎಂಬುದು ಗೊತ್ತಾಗುವುದು ಕ್ಲಾಸು ಬಿಟ್ಟ ಮೇಲೆ, ಸಂಜೆ ಐದರಿಂದ ರಾತ್ರಿ ಒಂಬತ್ತರ ತನಕ. ಓದನ್ನು ಅರ್ಧಕ್ಕೆ ಬಿಟ್ಟು ಮನೆಗೆ ವಾಪಸಾಗುವ ಮಕ್ಕಳಲ್ಲಿ ಪಾಠ ಅರ್ಥವಾಗದೆ ಬರುವವರಿಗಿಂತ ಈ ನಾಲ್ಕು ಗಂಟೆ ತಡೆಯಲಾರದೆ ಬರುವವರನ್ನೇ ನಾವು ಹೆಚ್ಚು ನೋಡುತ್ತೇವೆ.

ಮೊದಲ ಭೇಟಿಯಲ್ಲಿ ಒಂದು ಹಾಳೆ ಕೊಟ್ಟು, ಬೆಳಗ್ಗೆ ಆರರಿಂದ ರಾತ್ರಿ ಹತ್ತರ ತನಕ ಗೆರೆ ಎಳೆದು ತುಂಬಿಸಲು ಅಪ್ಪನಿಗೇ ಹೇಳಿದೆವು. ಕಾಪುವಿನಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರು, ಅಲ್ಲಿ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ಕೊಣಾಜೆಯ ಸಿಟಿ ಬಸ್ಸು. ಕಾಯುವುದೂ ಸೇರಿ ಒಂದು ಬದಿಗೆ ಎರಡು ಗಂಟೆ ಎಂದು ಅವರೇ ಬರೆದರು. ದಿನಕ್ಕೆ ನಾಲ್ಕು, ವಾರಕ್ಕೆ ಆರು ದಿನ: 24 ಗಂಟೆ. ಪೆನ್ನು ಅಲ್ಲೇ ನಿಂತಿತು. ವಾರದಲ್ಲಿ ಇಡೀ ಒಂದು ದಿನ ಬಸ್ಸಿಗೇ ಹೋಗುತ್ತದೆ, ಅದೂ ಪ್ರಾಕ್ಟಿಕಲ್ ಮುಗಿಸಿ ಹೆಚ್ಚಾಗಿ ನಿಂತುಕೊಂಡೇ.

ಎರಡನೆಯ ಭೇಟಿ ಹುಡುಗಿಯ ಜೊತೆ ಮಾತ್ರ. ಅವಳ ಸಂಜೆಯ ಗೆರೆಯಲ್ಲಿ ಐದರಿಂದ ಎಂಟರ ತನಕ ಒಂದೇ ಪದ ಇತ್ತು: ಅಂಗಡಿ. ಮನೆ ಎದುರಿನ ಅಂಗಡಿಯಲ್ಲಿ ಪಿಯುಸಿಯಿಂದಲೂ ಕೂರುವವಳು ಅವಳೇ. ಅಪ್ಪನಿಗೆ ಹೇಳಿದರೆ ಬೇಸರವಾಗುತ್ತದೆಂದು ಬಾಯಿ ಬಿಟ್ಟಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ತನ್ನದೇ ಆದ ಸಂಜೆ, ಅದನ್ನು ಮೈಸೂರು ಎಂದು ಕರೆಯುತ್ತಿದ್ದಳು. ಹಾಗಾದರೆ ಕೊಣಾಜೆಯ ಹಾಸ್ಟೆಲ್ ಕೂಡ ಲೆಕ್ಕಕ್ಕೆ ಬರಬೇಕು ಎಂದೆವು. ಅಂಗಡಿಯ ಮಾತನ್ನು ಊರಿನ ಮಾತಿಗಿಂತ ಮೊದಲು ಅಪ್ಪನ ಹತ್ತಿರ ಆಡಬೇಕು ಎಂದೂ ಹೇಳಿದೆವು. ಆ ವಾರವೇ ಆಡಿದಳು. ಅಪ್ಪ ಎರಡು ದಿನ ಮೌನವಾಗಿದ್ದು, ಆಮೇಲೆ ಸಂಜೆಗೆ ಒಬ್ಬ ಹುಡುಗನನ್ನು ಇಟ್ಟುಕೊಂಡರು.

ಇನ್ನು ಊರುಗಳು. ಕೊಣಾಜೆಯದ್ದು ಗುಡ್ಡದ ಮೇಲಿನ ಕ್ಯಾಂಪಸ್. ಓದಿಗೆ ಬೇಕಾದ ಮೌನ ಇದೆ, ಕತ್ತಲಾದ ಮೇಲೆ ಆ ಮೌನವೇ ಕೆಲವರಿಗೆ ಭಾರ. ಮಳೆಗಾಲದ ತಿಂಗಳುಗಳಲ್ಲಿ ಬಟ್ಟೆ ಒಣಗುವುದಿಲ್ಲ, ಪುಸ್ತಕಕ್ಕೆ ಬೂಸ್ಟು ಹಿಡಿಯುತ್ತದೆ. ಎರಡು ಬದಿ ಕಿಟಕಿ ಇರುವ ಕೋಣೆಯನ್ನೇ ಕೇಳಬೇಕು. ಧಾರವಾಡದಲ್ಲಿ ಸಪ್ತಾಪುರದ ಸುತ್ತ ಓದುವ ಮಕ್ಕಳದೇ ಜಗತ್ತು: ಕೋಚಿಂಗ್ ಕೇಂದ್ರ, ಪಿಜಿ, ಖಾನಾವಳಿ. ಕೆಎಎಸ್‌ಗೂ ಓದುವ ಮನಸ್ಸಿದ್ದರೆ ಅದಕ್ಕಿಂತ ಒಳ್ಳೆಯ ನೆರೆ ಇಲ್ಲ. ಆದರೆ ಕುಚಲಕ್ಕಿ ಅನ್ನ, ಮೀನು ಎರಡೂ ಬಿಟ್ಟು ಜೋಳದ ರೊಟ್ಟಿಗೆ ಹೊಟ್ಟೆ ಒಗ್ಗಬೇಕು. ಇದು ಸಣ್ಣ ವಿಷಯ ಅಲ್ಲ, ಸರಿಯಾಗಿ ಉಣ್ಣದ ಮಕ್ಕಳೇ ಮೊದಲು ಕುಗ್ಗುವುದು. ಮೈಸೂರಿನಲ್ಲಿ ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಗೆ ಕುಕ್ಕರಹಳ್ಳಿ ಕೆರೆ ತಾಗಿಕೊಂಡೇ ಇದೆ, ಸರಸ್ವತಿಪುರಂ ನಡಿಗೆಯ ದೂರ. ಸಂಜೆಗೆ ರಂಗಾಯಣದ ನಾಟಕ, ಕಲಾಮಂದಿರದ ಕಾರ್ಯಕ್ರಮ. ಶಾಲೆಯಲ್ಲಿ ನಾಟಕ ಮಾಡಿದ್ದ ಈ ಹುಡುಗಿಗೆ ಅದು ತೂಕದ ಸಂಗತಿ.

ಖರ್ಚಿನ ವಿಷಯದಲ್ಲಿ ಅಪ್ಪ ಎಣಿಸದ ಒಂದು ಲೆಕ್ಕ ಇತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಹೆಂಗಸರಿಗೆ ಉಚಿತ. ಕರಾವಳಿಯಲ್ಲಿ ಓಡುವುದು ಹೆಚ್ಚಿನವು ಖಾಸಗಿ ಬಸ್ಸು, ಅವಕ್ಕೆ ಅದು ಅನ್ವಯಿಸುವುದಿಲ್ಲ. ಮೈಸೂರಿನ ಸಿಟಿ ಬಸ್ಸು ಸರ್ಕಾರದ್ದು. ಮಂಗಳೂರಿಂದ ಮೈಸೂರಿಗೂ ಸಾಮಾನ್ಯ ಸಾರಿಗೆಯಲ್ಲಿ ಟಿಕೆಟ್ ಹಣ ಇಲ್ಲ. ಹತ್ತಿರದ ಊರೇ ಅಗ್ಗ ಎಂದು ನೋಡದೆ ಹೇಳಬಾರದು. ಜೋರು ಮಳೆಗೆ ಮೈಸೂರಿನ ದಾರಿಯ ಸಂಪಾಜೆ ಘಾಟಿ ಕುಸಿದು ರಸ್ತೆ ಬಂದ್ ಆಗುವುದುಂಟು, ಹಾಗಾಗಿ ಪರೀಕ್ಷೆಯ ಹಿಂದಿನ ದಿನ ಹೊರಡುವ ಅಭ್ಯಾಸ ಬೇಡ ಎಂದೂ ಹೇಳಿದೆವು.

ಆಮೇಲೆ ಇಬ್ಬರನ್ನೂ ಎರಡು ದಿನಕ್ಕೆ ಮೈಸೂರಿಗೆ ಕಳಿಸಿದೆವು, ಭಾನುವಾರ ಅಲ್ಲ, ಮಂಗಳವಾರ ಬುಧವಾರ. ನೋಡಬೇಕಾದದ್ದು ಇಷ್ಟು. ಕೋಣೆಯಿಂದ ವಿಭಾಗ, ಲೈಬ್ರರಿ, ಊಟದ ಜಾಗ ಮೂರೂ 20 ನಿಮಿಷದ ನಡಿಗೆಯೊಳಗೆ ಇವೆಯಾ? ಅದೇ ದಾರಿಯನ್ನು ಸಂಜೆ ಏಳೂವರೆಗೆ ಮತ್ತೊಮ್ಮೆ ನಡೆಯಬೇಕು. ದೀಪ ಉರಿಯುತ್ತದಾ, ಅಂಗಡಿ ತೆರೆದಿರುತ್ತದಾ, ಬೇರೆ ಹುಡುಗಿಯರು ಓಡಾಡುತ್ತಾರಾ? ಪಿಜಿಯಲ್ಲಿ ಮಾಲೀಕರನ್ನು ಬಿಟ್ಟು, ಅಲ್ಲೇ ಇರುವ ಹುಡುಗಿಯರ ಹತ್ತಿರ ನೀರಿನ ಬಗ್ಗೆ, ಗೇಟು ಹಾಕುವ ಹೊತ್ತಿನ ಬಗ್ಗೆ ಕೇಳಬೇಕು. ಒಂದು ರಾತ್ರಿ ಅಲ್ಲಿಯೇ ಉಣ್ಣಬೇಕು. ಮುಂಗಡಕ್ಕೆ ರಸೀದಿ ಇಲ್ಲದೆ ಹಣ ಕೊಡಬಾರದು, ಬಿಡುವಾಗ ಎಷ್ಟು ಕಡಿತ ಎಂದು ಬರೆಸಿಕೊಳ್ಳಬೇಕು. ಹಾಸ್ಟೆಲ್ ಹಂಚಿಕೆ ಕ್ಲಾಸು ಶುರುವಾಗಿ ಎಷ್ಟೋ ದಿನದ ಮೇಲೆ ಆಗುವುದುಂಟು. ಆದ್ದರಿಂದ ಪಿಜಿಗೆ ತಿಂಗಳ ಲೆಕ್ಕದಲ್ಲೇ ಒಪ್ಪಬೇಕು, ಹಲವು ತಿಂಗಳ ಬಾಡಿಗೆ ಒಟ್ಟಿಗೆ ಕಟ್ಟಿದರೆ ಆ ಹಣ ವಾಪಸು ಬರುವುದು ಕಷ್ಟ.

ಅಪ್ಪನೇ ಏಳೂವರೆಯ ದಾರಿ ನಡೆದು ನೋಡಿ ಒಪ್ಪಿದರು. ಮೈಸೂರು ಎಂದಾಯಿತು.

ಮೂರನೆಯ ವಾರ ಹುಡುಗಿಯ ಫೋನು: "ಸಾಕು ಮೇಡಂ, ನಾನು ಬರುತ್ತೇನೆ." ಕೇಳಿದಾಗ ಗೊತ್ತಾಯಿತು, ಎರಡು ಶನಿವಾರವೂ ರಾತ್ರಿ ಬಸ್ಸು ಹತ್ತಿ ಊರಿಗೆ ಬಂದಿದ್ದಳು. ಪ್ರತಿ ವಾರ ಮನೆಗೆ ಓಡುವವರಿಗೆ ಹೊಸ ಊರಿನ ಭಾನುವಾರವೇ ಸಿಗುವುದಿಲ್ಲ, ಗೆಳತನ ಬೆಳೆಯುವುದು ಆ ದಿನವೇ. ಮುಂದಿನ ನಾಲ್ಕು ವಾರ ಊರಿಗೆ ಬರುವುದು ಬೇಡ, ಮನೆಗೆ ಫೋನು ರಾತ್ರಿ ಒಂಬತ್ತಕ್ಕೆ ಒಮ್ಮೆ ಮಾತ್ರ, ವಾರಕ್ಕೆ ಎರಡು ಸಂಜೆ ಒಬ್ಬರಾದರೂ ಜೊತೆಗಾರರೊಂದಿಗೆ ಹೊರಗೆ ಎಂದು ತೀರ್ಮಾನವಾಯಿತು. ಅಳು, ನಿದ್ದೆಗೇಡು ಎರಡು ವಾರ ಮೀರಿದರೆ ಅಲ್ಲಿಯೇ ವೈದ್ಯರನ್ನು ಕಾಣಬೇಕೆಂದೂ ಹೇಳಿದೆವು. ಅಷ್ಟು ಬೇಕಾಗಲಿಲ್ಲ.

ಹತ್ತನೆಯ ವಾರ ಮಾತಾಡಿದಾಗ ಹಾಸ್ಟೆಲ್ ಸಿಕ್ಕಿತ್ತು. ಹಿಂದಿನ ಭಾನುವಾರ ಅಪ್ಪ ಅಮ್ಮ ಅಂಗಡಿ ಮುಚ್ಚಿ ಹೋಗಿದ್ದರಂತೆ, ಬಾಟಲಿಯಲ್ಲಿ ಒಣ ಸಿಗಡಿ ಚಟ್ನಿ ಹಿಡಿದುಕೊಂಡು. ಅದು ಕೋಣೆಯ ನಾಲ್ವರಿಗೆ ಎರಡು ದಿನಕ್ಕೇ ಮುಗಿದಿದೆ.