ಮೀನಿಗೂ ದಯೆಯಾ, ಸಂಪಾದಕರೇ?

ಮುಂಬಯಿ ಪಕ್ಕದ ಮೀರಾ ರೋಡಿನ ಹಿರಿಯ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಮೀನನ್ನು ನರಳಿಸದೆ ಕೊಲ್ಲಬೇಕು ಅಂತ ಲೇಖನ ಹಾಕಿದ್ದೀರಿ. ಪಕ್ಕದ ಪುಟದಲ್ಲೇ ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡುವ ಬಗೆ! ಕೊಲ್ಲುವುದು ಕೊಲ್ಲುವುದೇ, ಅದರಲ್ಲಿ ದಯೆ ಎಂಥದ್ದು? ನಮ್ಮ ಮೊಗವೀರರ ಹೊಟ್ಟೆ ಮೇಲೆ ಹೊಡೆಯಬೇಡಿ."

ಉತ್ತರ: ಪುಳಿಮುಂಚಿ ವಿಷಯದಲ್ಲಿ ಸಿಕ್ಕಿಬಿದ್ದೆ, ಒಪ್ಪಿದೆ. ಪುಟ ಜೋಡಿಸುವಾಗ ನನಗೂ ನಗು ಬಂದಿತ್ತು. ಆದರೂ ಎರಡನ್ನೂ ಇಟ್ಟೆ. ಈ ಮಾತು ಕೇಳಬೇಕಾದವರು ಮೀನು ತಿನ್ನುವವರೇ ಅಲ್ವಾ?

ಮೀನಿಗೆ ನೋವು ಗೊತ್ತಾಗುತ್ತದಾ? 2003ರಲ್ಲಿ ಬ್ರಿಟನ್ನಿನಲ್ಲಿ ಲಿನ್ ಸ್ನೆಡನ್ ಮತ್ತು ಜೊತೆಗಾರರು ಟ್ರೌಟ್ ಮೀನಿನ ತುಟಿಗೆ ಜೇನುನೊಣದ ವಿಷ, ವಿನೆಗರಿನ ಆಮ್ಲ ಚುಚ್ಚಿ ನೋಡಿದರು. ಮೀನುಗಳು ಗಂಟೆಗಟ್ಟಲೆ ತಿಂಡಿ ಮುಟ್ಟಲಿಲ್ಲ. ಆಮ್ಲ ಚುಚ್ಚಿಸಿಕೊಂಡವು ತೊಟ್ಟಿಯ ಕಲ್ಲಿಗೆ ತುಟಿ ಉಜ್ಜಿಕೊಂಡವು. ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ. ನನಗಂತೂ ಆ ತುಟಿ ಉಜ್ಜಿಕೊಂಡದ್ದೇ ಸಾಕಾಯಿತು.

ಇನ್ನು "ಕೊಲ್ಲುವುದು ಕೊಲ್ಲುವುದೇ" ಅನ್ನುವ ಮಾತು. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೇ ಇದನ್ನು ಒಪ್ಪುವುದಿಲ್ಲ. ಅದರಲ್ಲಿ ಪ್ರಾಣಿ ಅಂದರೆ ಮನುಷ್ಯನನ್ನು ಬಿಟ್ಟು ಜೀವವಿರುವ ಎಲ್ಲವೂ. ಊಟಕ್ಕಾಗಿ ಕೊಲ್ಲಬಹುದು, ಅನಗತ್ಯವಾಗಿ ನರಳಿಸುವಂತಿಲ್ಲ.

ಆ ಅನಗತ್ಯ ನರಳಾಟವನ್ನು ನಮ್ಮ ಕಾಂದಿವಲಿ ಮಾರುಕಟ್ಟೆಯಲ್ಲಿ ಪ್ರತಿ ಭಾನುವಾರ ನೋಡುತ್ತೇನೆ. ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮು. ನಾಲ್ಕು ಬೆರಳು ನೀರು. ಅದರಲ್ಲಿ ಒಂದರ ಮೇಲೊಂದು ಮುಗುಡು. ಈ ಮೀನು ಗಾಳಿಯನ್ನೂ ಉಸಿರಾಡುತ್ತದೆ, ಹಾಗಾಗಿ ಬೇಗ ಸಾಯುವುದಿಲ್ಲ. ಅದೇ ಅದರ ಕರ್ಮ. ಗಿರಾಕಿ ಬೆರಳು ತೋರಿಸಿದರೆ ಎತ್ತಿ ತೂಗುತ್ತಾರೆ, ಹೊಟ್ಟೆ ಸೀಳುತ್ತಾರೆ. ಕರುಳು ಹೊರಗೆ ಬಂದ ಮೇಲೂ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ.

ಅಲ್ಲೇ ನಾಲ್ಕು ಹೆಜ್ಜೆ ಆಚೆ ಕೋಳಿ ಅನ್ನುವ ಇಲ್ಲಿನ ಮೀನುಗಾರ ಜಾತಿಯ ಹೆಂಗಸೊಬ್ಬರು ಕೂರುತ್ತಾರೆ. (ಊರಿಂದ ಬಂದ ಹೊಸದರಲ್ಲಿ ಆ ಜಾತಿಯ ಹೆಸರು ಕೇಳಿ ನಾನೂ ನಕ್ಕವನೇ.) ಅವರು ಮೀನನ್ನು ಒದ್ದೆ ಗೋಣಿಯಲ್ಲಿ ಒತ್ತಿ ಹಿಡಿದು, ಕಣ್ಣಿನ ಹಿಂದೆ ಮರದ ದಾಂಡಿನಿಂದ ಒಂದೇ ಏಟು ಹಾಕುತ್ತಾರೆ. ಮುಗಿಯಿತು. ಯಾಕೆ ಮಾವ್ಶಿ ಅಂತ ಕೇಳಿದೆ. "ಒದ್ದಾಡಿದರೆ ತಕ್ಕಡಿ ನಿಲ್ಲುವುದಿಲ್ಲ" ಅಂದರು. ದಯೆಗಿಯೆ ಅಂತ ಒಂದು ಮಾತಿಲ್ಲ. ಆದರೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಸಾಕಿದ ಮೀನಿಗೆ ಹೇಳುವ ದಾರಿಗಳಲ್ಲಿ ಈ ತಲೆಯ ಏಟೂ ಒಂದು.

ಐಸ್ ಹಾಕಿದರೆ ಸಾಲದೇ ಅಂತ ಕೇಳಬಹುದು. ಸಾಲದು. ಚಳಿಗೆ ಮೈ ಮರಗಟ್ಟುತ್ತದೆ, ಒದ್ದಾಟ ನಿಲ್ಲುತ್ತದೆ. ಅರಿವು ಹೋಗಲು ಮಾತ್ರ ಹೊತ್ತು ಬೇಕು. ನಮಗೆ ಕಾಣುವುದಿಲ್ಲ, ಅಷ್ಟೇ.

ಇದರಲ್ಲಿ ಮಾರುವವರಿಗೂ ಲಾಭವಿದೆ. ಒದ್ದಾಡಿ ಸತ್ತ ಮೀನಿನ ಮಾಂಸದಲ್ಲಿ ಆಮ್ಲ ಬೇಗ ಕೂಡುತ್ತದೆ. ಬೇಗ ಸೆಡೆಯುತ್ತದೆ, ಮೆತ್ತಗೂ ಆಗುತ್ತದೆ. ಜಪಾನಿನವರು ಮೀನಿನ ಮಿದುಳಿಗೆ ನೇರ ಸೂಜಿ ಚುಚ್ಚಿ, ರಕ್ತ ಬಸಿದು ಇಡುತ್ತಾರೆ. ಇಕೆಜಿಮೆ ಅಂತ ಹೆಸರು. ಅಂಥ ಮೀನಿಗೆ ಬೆಲೆ ಜಾಸ್ತಿ.

ಕಡಲಿನ ಮಾತು ಕಷ್ಟದ್ದು. ಟ್ರಾಲರ್ ಬಲೆಯಲ್ಲಿ ರಾಶಿ ಬೀಳುವ ಬಂಗುಡೆಗೆ ಒಂದೊಂದಾಗಿ ಏಟು ಹಾಕಿ ಅಂದರೆ ಮುಂಬಯಿಯ ಮೀನು ಬಂದರು ಸಾಸೂನ್ ಡಾಕಿನಲ್ಲಿ ನನ್ನನ್ನೇ ನೀರಿಗೆ ತಳ್ಳುತ್ತಾರೆ. ಬಲೆ ಎಳೆಯುವ ಹೊತ್ತು ಕಡಿಮೆ ಮಾಡಿದರೆ ಅಡಿಯಲ್ಲಿರುವವು ಅಪ್ಪಚ್ಚಿಯಾಗುವುದು ಕಡಿಮೆಯಾಗುತ್ತದೆ. ಬಲೆಯ ಕಣ್ಣು ದೊಡ್ಡದಾದರೆ ಮರಿಗಳು ತಪ್ಪಿಸಿಕೊಳ್ಳುತ್ತವೆ. ಸದ್ಯಕ್ಕೆ ಇಷ್ಟು ಹೇಳಬಲ್ಲೆ.

ಸಾಕುವ ಮೀನಿಗೆ ಮಾತ್ರ ಇನ್ನೂ ಬಹಳ ಮಾಡಬಹುದು. ನಮ್ಮ ಮಹಾರಾಷ್ಟ್ರದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ನಮ್ಮ ತಟ್ಟೆಗೆ ಬರುವುದು ಆಂಧ್ರದ ಹೊಂಡಗಳ ರೋಹು, ಕಾಟ್ಲಾ. ಹೊಂಡದ ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ಒಳ್ಳೆಯದು. ರಾತ್ರಿಯೆಲ್ಲ ಪಾಚಿಯೂ ಅದನ್ನೇ ಎಳೆಯುತ್ತದೆ. ಹಾಗಾಗಿ ಬೆಳಗಿನ ಜಾವ ತೀರಾ ಕಡಿಮೆ. ಕಿಕ್ಕಿರಿದ ಹೊಂಡದಲ್ಲಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತವೆ. ಮರಿ ಕಡಿಮೆ ಬಿಟ್ಟು, ಆ ಹೊತ್ತಿಗೆ ಗಾಳಿಯಂತ್ರ ಓಡಿಸುವ ರೈತನಿಗೆ ಔಷಧದ ಖರ್ಚೂ ಕಡಿಮೆ.

ಇದರಲ್ಲಿ ಮೊಗವೀರರ ಹೊಟ್ಟೆಗೆ ಪೆಟ್ಟು ಎಲ್ಲಿದೆ, ನೀವೇ ಹೇಳಿ. ಬರುವ ಭಾನುವಾರ ಜೀವಂತ ಮೀನು ಕೊಳ್ಳುವುದಾದರೆ, ಸೀಳುವ ಮುಂಚೆ ತಲೆಗೆ ಒಂದು ಏಟು ಹಾಕಿ ಅಂತ ಕೇಳಿ. ಪುಕ್ಕಟೆ.

ಅಂದಹಾಗೆ, ಪುಳಿಮುಂಚಿ ಬಗ್ಗೆ ಇನ್ನೂ ಒಂದು ದೂರು ಬಂದಿದೆ. ಹುಳಿ ಜಾಸ್ತಿಯಾಯಿತಂತೆ. ಅದಕ್ಕೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.