ಆರಂಭದ ಹುರುಪು ಕೊನೆಯವರೆಗೂ ಉಳಿಯುವಂತೆ ಪ್ರಾಜೆಕ್ಟ್ ನಡೆಸುವುದು ಹೇಗೆ?

ಶುರುವಿನಲ್ಲಿ ಓಡುತ್ತಿದ್ದ ತಂಡ ಅರ್ಧ ದಾರಿಗೆ ಬರುವಷ್ಟರಲ್ಲಿ ಸೋತು ಕೂರುತ್ತದೆ, ಅವರನ್ನು ಹುರಿದುಂಬಿಸುವುದು ಹೇಗೆ ಎಂದು ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ ವಸತಿ ಕಟ್ಟಡಗಳ ಕೆಲಸ ನೋಡಿಕೊಳ್ಳುತ್ತೇನೆ. ನಾನು ಕಂಡಂತೆ ಜನ ದುಡಿದು ದಣಿಯುವುದಕ್ಕಿಂತ ಕಾದು ದಣಿಯುವುದೇ ಹೆಚ್ಚು. ಆದ್ದರಿಂದ ಭಾಷಣ ಬೇಡ. ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂಬುದನ್ನು ಹುಡುಕಿ.

ಒಂದು ಬಚ್ಚಲುಮನೆಯನ್ನೇ ತೆಗೆದುಕೊಳ್ಳಿ. ಸೋರದಂತೆ ನೆಲಕ್ಕೆ ವಾಟರ್‌ಪ್ರೂಫಿಂಗ್ ಮಾಡಿ, ನೀರು ನಿಲ್ಲಿಸಿ ಪರೀಕ್ಷೆಯೂ ಆಗಿದೆ. ಇನ್ನು ಟೈಲ್ಸ್ ಕೂರಿಸಬೇಕು, ಆದರೆ ಮಾಲೀಕರು ಇನ್ನೂ ಬಣ್ಣ ಹೇಳಿಲ್ಲ. ಟೈಲ್ಸ್ ಆಗದೆ ಪ್ಲಂಬರ್ ನಲ್ಲಿ ಹಾಕುವಂತಿಲ್ಲ, ಬಾಗಿಲು ನಿಲ್ಲಿಸಲು ಬಡಗಿಗೆ ನೆಲದ ಮಟ್ಟ ಸಿಗುವುದಿಲ್ಲ. ಮೇಸ್ತ್ರಿ ಒಂದೆರಡು ದಿನ ನೋಡಿ ತನ್ನ ಆಳುಗಳನ್ನು ಬೇರೆ ಸೈಟಿಗೆ ಕರೆದುಕೊಂಡು ಹೋಗುತ್ತಾನೆ. ಅವರನ್ನು ಮತ್ತೆ ಕರೆತರುವಷ್ಟರಲ್ಲಿ ವಾರಗಳೇ ಉರುಳಿರುತ್ತವೆ. ಅದಕ್ಕೇ ವಾರದ ಸಭೆಯಲ್ಲಿ "ಶೇಕಡ ಎಷ್ಟು ಮುಗಿಯಿತು?" ಎಂದು ನಾನು ಕೇಳುವುದಿಲ್ಲ. "ಮುಂದಿನ ವಾರದ ಕೆಲಸಕ್ಕೆ ಯಾವ ತೀರ್ಮಾನ, ಯಾವ ಸಾಮಗ್ರಿ, ಯಾರ ಸಹಿ ಬಾಕಿ ಇದೆ?" ಎಂದು ಕೇಳುತ್ತೇನೆ. ಪ್ರತಿ ಬಾಕಿಯ ಎದುರಿಗೂ ಒಬ್ಬರ ಹೆಸರು, ಒಂದು ದಿನಾಂಕ ಇರಲೇಬೇಕು. "ನೋಡೋಣ" ಎಂಬುದನ್ನು ಉತ್ತರವೆಂದು ಒಪ್ಪುವುದಿಲ್ಲ.

ಎಲ್ಲವನ್ನೂ ಮುಕ್ಕಾಲುಪಾಲು ಮಾಡಿಡುವ ಬದಲು ಒಂದು ಭಾಗವನ್ನು ಪೂರ್ತಿ ಮುಗಿಸಿ ಬಳಕೆಗೆ ಕೊಡಿ. ಕೊಂಕಣ ರೈಲ್ವೆಯ ಬಗ್ಗೆ ನನಗೆ ಗೌರವ ಇರುವುದು ಇದೇ ಕಾರಣಕ್ಕೆ. 1990ರಲ್ಲಿ ನಿಗಮ ಸ್ಥಾಪನೆಯಾಗಿ ಇ. ಶ್ರೀಧರನ್ ಅದರ ಚುಕ್ಕಾಣಿ ಹಿಡಿದರು. ಇಡೀ ಮಾರ್ಗ ಸಂಚಾರಕ್ಕೆ ತೆರೆದದ್ದು 1998ರ ಜನವರಿಯಲ್ಲಿ. ಆದರೆ ಮಂಗಳೂರು–ಉಡುಪಿ ನಡುವೆ 1993ರಲ್ಲೇ ರೈಲು ಓಡಿತು. ಗೋವಾದ ಪೆರ್ನೆಮ್ ಸುರಂಗದಲ್ಲಿ ಮೆತ್ತನೆಯ ಮಣ್ಣು ಕುಸಿದು ಕೆಲಸ ಕುಂಟುತ್ತಿದ್ದಾಗ, ಇತ್ತ ಕರಾವಳಿಯಲ್ಲಿ ಜನ ಆಗಲೇ ರೈಲು ಹತ್ತಿ ಇಳಿಯುತ್ತಿದ್ದರು. ನಾವೂ ಒಂದು ಮಹಡಿಯನ್ನು ಸ್ವಿಚ್‌ಬೋರ್ಡಿನವರೆಗೆ ಮುಗಿಸಿ ತೋರಿಸುತ್ತೇವೆ. ಉಳಿದ ಮಹಡಿಗಳ ಅರ್ಧ ತಕರಾರು ಅಲ್ಲಿಯೇ ಬಗೆಹರಿಯುತ್ತದೆ.

ನಿಜವಾದ ಕಷ್ಟ ಇರುವುದು ಕೊನೆಯ ಹಂತದಲ್ಲಿ. ಬಿರುಕು ಮುಚ್ಚುವುದು, ಬಿಗಿಯಾದ ಬಾಗಿಲು ಕೆತ್ತುವುದು ಮುಂತಾದ ಚಿಲ್ಲರೆ ಕೆಲಸಗಳಲ್ಲಿ ಯಾರಿಗೂ ಲಾಭವಿಲ್ಲ, ಹಾಗಾಗಿ ಯಾರೂ ಬರುವುದಿಲ್ಲ. ಈ ಪಟ್ಟಿ ಮುಗಿದ ಮೇಲೆಯೇ ಕೊನೆಯ ಕಂತು ಎಂದು ಗುತ್ತಿಗೆಯಲ್ಲಿ ಮೊದಲೇ ಬರೆಸಿ. ಲಿಫ್ಟ್, ವಿದ್ಯುತ್ ಸಂಪರ್ಕದ ಕಾಗದಪತ್ರಗಳನ್ನು ಗಾರೆ ಕೆಲಸ ನಡೆಯುವಾಗಲೇ ಹೊಂದಿಸಿಕೊಳ್ಳಿ. ಪಟ್ಟಿ ಮುಗಿದ ವಾರವೇ, ಮಾಲೀಕರನ್ನು ಕಾಡಿ ಬೇಡಿಯಾದರೂ ಹಣ ಕೊಡಿಸಿ. ಅಲ್ಲಿ ಸತಾಯಿಸಿದರೆ ಮುಂದಿನ ಸಲ ಎಷ್ಟು ಕರೆದರೂ ಆ ಮೇಸ್ತ್ರಿ ನಿಮ್ಮ ಸೈಟಿಗೆ ಕಾಲಿಡುವುದಿಲ್ಲ.