ಬೀಟೆ ಪೆಟ್ಟಿಗೆ ದುಬೈಗೆ ಬರದಿರಲು ಕಾರಣ

ನೀವು ಕುಂಬಳೆಯ ಅಂಗಡಿಯಲ್ಲಿ ಮುಂಗಡ ಕೊಟ್ಟ ಹಳೇ ಬೀಟೆ ಪೆಟ್ಟಿಗೆಯನ್ನು ದುಬೈಗೆ ಕಳಿಸಲು ಸಾಗಣೆ ಏಜೆಂಟ್ ತಕರಾರು ಮಾಡುತ್ತಿದ್ದಾರೆ ಅಂದಿರಲ್ಲ, ಅದು ಬಹುಶಃ ಪೆಟ್ಟಿಗೆಯ ವಯಸ್ಸಿನಿಂದಾಗಿ. ಪೆಟ್ಟಿಗೆ 100 ವರ್ಷ ದಾಟಿದ್ದರೆ, ಭಾರತದ 1972ರ ಪುರಾವಸ್ತು ಕಾಯಿದೆ ಪ್ರಕಾರ ಅದು ಪುರಾತನ ವಸ್ತು. ಖಾಸಗಿಯವರು ಅದನ್ನು ದುಬೈಗೆ ಸಾಗಿಸುವಂತಿಲ್ಲ.

ಮೊದಲು ಬಾಕಿ ದುಡ್ಡು ತಡೆಹಿಡಿಯಿರಿ. ಊರಲ್ಲಿರುವ ಯಾರಿಂದಾದರೂ ಕೀಲು, ಬೀಗ, ತಳದ ಹಲಗೆಯ ಫೋಟೋ ತರಿಸಿ. ಫೋಟೋದಲ್ಲಿ ವಯಸ್ಸು ಖಚಿತವಾಗಿ ಗೊತ್ತಾಗುವುದಿಲ್ಲ, ಅಂದಾಜು ಅಷ್ಟೇ. ಅಂಗಡಿಯವರ ‘ಅಜ್ಜನ ಕಾಲದ್ದು’ ಎಂಬ ಮಾತನ್ನಂತೂ ಸುಮ್ನೆ ನಂಬಬೇಡಿ, ಎಲ್ಲಕ್ಕೂ ಅದನ್ನೇ ಹೇಳುತ್ತಾರೆ!

100ರೊಳಗಿನದು ಅನ್ನಿಸಿದರೆ ಭಾರತೀಯ ಪುರಾತತ್ವ ಇಲಾಖೆಯಿಂದ ‘ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಮಾಡಿಸಿ. ಆದರೆ ಬೀಟೆ ಸೈಟಿಸ್ (ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ, ಅದಕ್ಕೆ ಬೇರೆಯೇ ಕಾಗದ ಬೇಕು. ತೇಗ, ಹಲಸಿನದಾದರೆ ಆ ರಗಳೆ ಇಲ್ಲ. 100 ದಾಟಿದ್ದರೆ ಊರಿನ ಮನೆಗೇ ಇಳಿಸಿ, ಇಲ್ಲವೇ ಮುಂಗಡ ವಾಪಸ್ ಕೇಳಿ.